ಅಟೆನೊಲಾಲ್ 50: ಐದು ವರ್ಷ ನುಂಗಿದವನ ಅನುಭವ

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ಬಿಪಿ 160/100 ಬಂದಾಗ ಡಾಕ್ಟ್ರು ಬೀಟಾ ಬ್ಲಾಕರ್ ಅನ್ನುವ ಜಾತಿಯ ಗುಳಿಗೆ, ಅಟೆನೊಲಾಲ್ 50 ಮಿಲಿಗ್ರಾಂ ಬರೆದುಕೊಟ್ಟರು. ದಿನಕ್ಕೆ ಒಂದೇ ಗುಳಿಗೆ, ರೇಟೂ ಕಡಿಮೆ. ಒಂದೆರಡು ತಿಂಗಳಲ್ಲಿ 130/84ಕ್ಕೆ ಇಳಿಯಿತು. ಅಷ್ಟರ ಮಟ್ಟಿಗೆ ಪೂರ್ತಿ ಮಾರ್ಕು.

ಮೈಯಲ್ಲಿ ಏನೋ ಬದಲಾಗಿದೆ ಅಂತ ಗೊತ್ತಾಗಿದ್ದು ಅಂಜನಾದ್ರಿ ಬೆಟ್ಟದಲ್ಲಿ. 575 ಮೆಟ್ಟಿಲು. ಮೊದಲೆಲ್ಲ ಅರ್ಧ ದಾರಿಗೇ ಎದೆ ಡವಡವ ಅಂದರೂ ಹತ್ತಿಬಿಡುತ್ತಿದ್ದೆ. ಈ ಸಲ ಎದೆ ಶಾಂತ, ಕಾಲು ಮಾತ್ರ ಭತ್ತದ ಚೀಲ. ಕೂತು ನಾಡಿ ಎಣಿಸಿದೆ: ನಿಮಿಷಕ್ಕೆ 88. ಶ್ರಮ, ಗಾಬರಿ ಆದಾಗ ಮೈಯಲ್ಲಿ ಹೊಮ್ಮುವ ಅಡ್ರಿನಲಿನ್ 'ಓಡು' ಅಂದದ್ದು ಹೃದಯಕ್ಕೆ ಕೇಳಿಸದ ಹಾಗೆ ಮಾಡುವುದೇ ಬೀಟಾ ಬ್ಲಾಕರ್ ಕೆಲಸ.

ಐದನೇ ವರ್ಷ ನಾನೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ. ಖಾಲಿ ಹೊಟ್ಟೆಯ ಶುಗರ್ 94 ಇದ್ದದ್ದು 113. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 210. ತೂಕ ನಾಲ್ಕು ಕೆಜಿ ಜಾಸ್ತಿ. ಸೋನಾ ಮಸೂರಿ ಅನ್ನದ ಪಾಲೂ ಇದೆ, ಸಂಜೆಯ ಮಿರ್ಚಿ ಮಂಡಕ್ಕಿಯ ಪಾಲೂ ಇದೆ, ಸುಳ್ಳು ಹೇಳಲ್ಲ. ಆದರೆ ಈ ಹಳೇ ಬೀಟಾ ಬ್ಲಾಕರ್‌ಗಳು ಶುಗರ್ ಇಳಿಸುವ ಇನ್ಸುಲಿನ್ ಕೆಲಸವನ್ನು ಸ್ವಲ್ಪ ಮಂದ ಮಾಡುತ್ತವೆ. 2002ರ ಲೈಫ್ ಅಧ್ಯಯನದಲ್ಲಿ ಲೋಸಾರ್ಟನ್ ಅನ್ನುವ ಬೇರೆ ಜಾತಿಯ ಬಿಪಿ ಗುಳಿಗೆ ನುಂಗಿದವರಿಗಿಂತ ಅಟೆನೊಲಾಲ್ ನುಂಗಿದವರಲ್ಲೇ ಹೊಸದಾಗಿ ಶುಗರ್ ಬಂದವರು ಜಾಸ್ತಿ. ಹೋದಾಗಲೆಲ್ಲ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು, ಒಮ್ಮೆ ಶುಗರ್ರೂ ನೋಡಿಸು ಅಂತ ಒಬ್ಬರೂ ಅನ್ನಲಿಲ್ಲ. ನನ್ನ ಸಿಟ್ಟು ಅದಕ್ಕೇ.

ಸಿಟ್ಟಿಗೆ ಗುಳಿಗೆ ನಿಲ್ಲಿಸಿಬಿಟ್ಟೆ. ಹುಚ್ಚು ಕೆಲಸ! ಮೂರನೇ ರಾತ್ರಿ ಎದೆ ಮಿಲ್ಲಿನ ಮಷೀನಿನಂತೆ ಬಡಿಯತೊಡಗಿತು, ಬಿಪಿ 176/108. ಇದನ್ನು ಒಮ್ಮೆಲೇ ಬಿಡುವ ಹಾಗಿಲ್ಲ. ಆಮೇಲೆ ಬೇರೆ ಡಾಕ್ಟ್ರು ಡೋಸ್ ಮೆಲ್ಲಗೆ ಇಳಿಸುತ್ತಾ ಲೋಸಾರ್ಟನ್ ಜಾತಿಯದೇ ಆದ ಟೆಲ್ಮಿಸಾರ್ಟನ್‌ಗೆ ಹಾಕಿದರು. ವರ್ಷವಾಯಿತು, ಶುಗರ್ 103ರಲ್ಲಿದೆ. ಬೆಟ್ಟವನ್ನೂ ಹತ್ತಿಬಂದೆ, ಎರಡು ಕಡೆ ಕೂತು.

ನಮ್ಮಣ್ಣನ ಲೆಕ್ಕವೇ ಬೇರೆ. ಹಾರ್ಟ್ ಅಟ್ಯಾಕ್ ಆಗಿರುವುದರಿಂದ ಅವನಿಗೆ ಬೀಟಾ ಬ್ಲಾಕರ್ ಬೇಕೇ ಬೇಕು ಅಂದಿದ್ದಾರೆ ಅವನ ಡಾಕ್ಟ್ರು. ಇನ್ಸುಲಿನ್ ಇಂಜೆಕ್ಷನ್ನೂ ಇದೆ, ಹಾಗಾಗಿ ಶುಗರ್ ಮೇಲೆ ಅಷ್ಟು ಕಾಟ ಕೊಡದ ಕಾರ್ವೆಡಿಲಾಲ್ ಕೊಟ್ಟಿದ್ದಾರೆ. ಆದರೂ ಶುಗರ್ ಕುಸಿದಾಗ ಕೈ ನಡುಕ, ಎದೆ ಬಡಿತ ಸರಿಯಾಗಿ ಗೊತ್ತಾಗುವುದಿಲ್ಲ. ಉಳಿಯುವ ಸೂಚನೆ ಬೆವರು. ನಮ್ಮ ಏಪ್ರಿಲ್ ಬಿಸಿಲಲ್ಲಿ ಯಾರಿಗೆ ಬೆವರು ಬರಲ್ಲ ಹೇಳಿ? ಅದಕ್ಕೇ ಅತ್ತಿಗೆ ಅವನ ಅಂಗಿ ಜೇಬಿನಲ್ಲಿ ಬೆಲ್ಲದ ಚೂರು ಇಟ್ಟೇ ಹೊರಗೆ ಕಳಿಸುತ್ತಾರೆ.