ಸ್ಕೂಲ್ ಡಿಸ್ಟ್ರಿಕ್ಟ್ ಕೊಡುವ ಆರೋಗ್ಯ ವಿಮೆ: ಆರು ವರ್ಷ ಬಳಸಿದ ಮೇಲೆ

ಅಮೆರಿಕದ ಮಧ್ಯಮ ಗಾತ್ರದ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಒಂದರಲ್ಲಿ ನಾನು ಗಣಿತ ಶಿಕ್ಷಕಿಯಾಗಿ ಸೇರಿ ಆರು ವರ್ಷಗಳಾದವು. ಅಲ್ಲಿನ ಸಿಬ್ಬಂದಿಗೆ ಕೊಡುವ ಆರೋಗ್ಯ ವಿಮೆಯನ್ನು ಮೊದಲು ಒಬ್ಬಳೇ, ಆಮೇಲೆ ಪತಿ ಮತ್ತು ಮಗನನ್ನು ಸೇರಿಸಿಕೊಂಡು, ಒಮ್ಮೆ ಮೇಲ್ಮನವಿ ಸಲ್ಲಿಸುವ ಹಂತದವರೆಗೂ ಬಳಸಿದ್ದೇನೆ. ಸರ್ಕಾರಿ ಶಾಲೆ, ಕೌಂಟಿ ಅಥವಾ ನಗರಾಡಳಿತದ ಕೆಲಸಕ್ಕೆ ಸೇರುವವರು "ಸಂಬಳ ಕಡಿಮೆ, ಆದರೆ ಬೆನಿಫಿಟ್ಸ್ ಚೆನ್ನಾಗಿದೆ" ಎಂಬ ಮಾತನ್ನು ಮೊದಲ ವಾರದಲ್ಲೇ ಕೇಳುತ್ತಾರೆ. ನೌಕರರೊಬ್ಬರ ಮಟ್ಟಿಗೆ ಆ ಮಾತು ನಿಜ. ಸಂಸಾರವನ್ನು ಸೇರಿಸಿದ ಕೂಡಲೇ ಅರ್ಧ ಮಾತ್ರ ನಿಜ.

ಶಿಕ್ಷಕರಿಗೂ ಈ ದೇಶದ ವಿಮೆಗೂ ಇರುವ ನಂಟು ಹಳೆಯದು. 1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಲ್ ಅವರು ಅಲ್ಲಿನ ಶಿಕ್ಷಕರಿಗೆ ತಿಂಗಳಿಗೆ 50 ಸೆಂಟ್ ಕಟ್ಟಿಸಿಕೊಂಡು, ವರ್ಷಕ್ಕೆ 21 ದಿನಗಳ ಆಸ್ಪತ್ರೆ ವಾಸವನ್ನು ಒದಗಿಸುವ ಏರ್ಪಾಡು ಮಾಡಿದರು. ಹಿಂದೆ ಅದೇ ಊರಿನ ಶಾಲೆಗಳ ಮುಖ್ಯಸ್ಥರಾಗಿದ್ದ ಅವರಿಗೆ ಶಿಕ್ಷಕರ ಕಷ್ಟದ ಅರಿವಿತ್ತು. ಮುಂದೆ ಬ್ಲೂ ಕ್ರಾಸ್ ಎಂಬ ದೊಡ್ಡ ಆರೋಗ್ಯ ವಿಮಾ ಜಾಲ ಬೆಳೆದದ್ದು ಈ ಬೀಜದಿಂದಲೇ.

ನನ್ನೊಬ್ಬಳ ಪ್ರೀಮಿಯಂನ ಬಹುಪಾಲನ್ನು ಡಿಸ್ಟ್ರಿಕ್ಟ್ ಭರಿಸುತ್ತದೆ. ಮೊದಲ ಎರಡು ವರ್ಷ ಸಂಬಳದ ಚೀಟಿಯಲ್ಲಿ ಆ ಕಡಿತ ಕಣ್ಣಿಗೆ ಬೀಳದಷ್ಟು ಸಣ್ಣದಿತ್ತು. ಪತಿಯ ಕೆಲಸ ಹೋದ ವರ್ಷ "ನೌಕರ ಮತ್ತು ಕುಟುಂಬ" ಎಂಬ ಸಾಲಿಗೆ ಗುರುತು ಹಾಕಿದಾಗ ಅದೇ ಕಡಿತ ಎಂಟು ಪಟ್ಟಾಯಿತು, ಏಕೆಂದರೆ ನಮ್ಮಲ್ಲಿ ಡಿಸ್ಟ್ರಿಕ್ಟ್ ಕೊಡುವ ಮೊತ್ತ ಎಲ್ಲ ಸಾಲುಗಳಿಗೂ ಒಂದೇ, ಮೇಲಿನದ್ದೆಲ್ಲ ನೌಕರರ ಜೇಬಿನಿಂದ. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇಲ್ಲ. ದೊಡ್ಡ ಉದ್ಯೋಗದಾತರು ವಾರಕ್ಕೆ 30 ಗಂಟೆ ದುಡಿಯುವವರಿಗೂ ಅವರ 26 ವರ್ಷದೊಳಗಿನ ಮಕ್ಕಳಿಗೂ ವಿಮೆಯ ಅವಕಾಶ ಕೊಡಬೇಕು ಎಂದು 2010ರ ಅಫೋರ್ಡಬಲ್ ಕೇರ್ ಕಾಯ್ದೆ ಹೇಳುತ್ತದೆಯೇ ಹೊರತು, ಗಂಡ ಅಥವಾ ಹೆಂಡತಿಯ ವಿಷಯದಲ್ಲಿ ಏನನ್ನೂ ವಿಧಿಸುವುದಿಲ್ಲ. ಪ್ರೀಮಿಯಂ ಕೈಗೆಟಕುವಂತಿದೆಯೇ ಎಂದು ಉದ್ಯೋಗದಾತರನ್ನು ಅಳೆಯುವುದೂ ನೌಕರರೊಬ್ಬರ ಲೆಕ್ಕದಲ್ಲೇ. ವಾರಕ್ಕೆ 30 ಗಂಟೆ ತುಂಬದ ಶಾಲಾ ಸಹಾಯಕಿಯರಿಗೆ ಆ ಅವಕಾಶವೂ ಖಾತ್ರಿಯಿಲ್ಲ. ನೇಮಕಾತಿ ಪತ್ರದಲ್ಲಿ 29 ಗಂಟೆ ಎಂದು ಕಂಡರೆ ಅದು ಬರಿ ಆಕಸ್ಮಿಕ ಎಂದು ನಾನಂತೂ ನಂಬುವುದಿಲ್ಲ.

ಶಾಲೆಯ ನೌಕರಿಗೇ ಅಂಟಿಕೊಂಡ ಇನ್ನೊಂದು ಪೆಟ್ಟಿದೆ. ನಮಗೆ ಸಂಬಳ ಹತ್ತು ತಿಂಗಳು, ಪ್ರೀಮಿಯಂ ಹನ್ನೆರಡು ತಿಂಗಳು. ಬೇಸಿಗೆ ರಜೆಯ ಕಂತುಗಳನ್ನು ಮೇ ತಿಂಗಳ ಸಂಬಳದಲ್ಲೇ ಒಟ್ಟಿಗೆ ಹಿಡಿದುಕೊಂಡ ಚೀಟಿ ಮೊದಲ ಸಲ ಕೈಗೆ ಬಂದಾಗ ಲೆಕ್ಕ ತಪ್ಪಿದೆಯೆಂದೇ ಭಾವಿಸಿ ಕಚೇರಿಗೆ ಹೋಗಿದ್ದೆ. ಸಂಬಳವನ್ನು ಹನ್ನೆರಡು ತಿಂಗಳಿಗೆ ಹಂಚಿ ಪಡೆಯುವ ಆಯ್ಕೆ ಇದ್ದರೆ ಸೇರುವಾಗಲೇ ಕೇಳಿ ಪಡೆಯುವುದು ಒಳ್ಳೆಯದು.

ಇನ್ನು ಕಾರ್ಡಿನ ವಿಚಾರ. ನನ್ನ ಕಾರ್ಡಿನ ಮೇಲೆ ದೊಡ್ಡ ವಿಮಾ ಕಂಪನಿಯೊಂದರ ಲಾಂಛನವಿದೆ, ಆದರೆ ನನ್ನ ಬಿಲ್ ಕಟ್ಟುವ ಹಣ ಆ ಕಂಪನಿಯದಲ್ಲ. ಅನೇಕ ಡಿಸ್ಟ್ರಿಕ್ಟ್, ಕೌಂಟಿಗಳಂತೆ ನಮ್ಮದೂ ಸ್ವಂತ ನಿಧಿಯ ಯೋಜನೆ: ಕ್ಲೇಮ್‌ಗಳಿಗೆ ಡಿಸ್ಟ್ರಿಕ್ಟೇ ಹಣ ತೆಗೆದಿಡುತ್ತದೆ, ಕಂಪನಿ ಶುಲ್ಕ ಪಡೆದು ಕಾಗದಪತ್ರ ನೋಡಿಕೊಳ್ಳುತ್ತದೆ. ಇದು ನನಗೆ ತಿಳಿದದ್ದು ಮಂಡಿಯ ಎಂಆರ್‌ಐಗೆ ವಿಮೆಯವರಿಂದ ಮೊದಲೇ ಪಡೆಯಬೇಕಾದ ಪೂರ್ವಾನುಮತಿ ನಿರಾಕರಣೆಯಾದಾಗ. "ವೈದ್ಯಕೀಯವಾಗಿ ಅಗತ್ಯವೆಂದು ದೃಢಪಟ್ಟಿಲ್ಲ" ಎಂಬ ಪತ್ರ ಹಿಡಿದು ಕಾರ್ಡಿನ ಹಿಂದಿನ ನಂಬರಿಗೆ ಮೂರು ದಿನ ಕರೆ ಮಾಡಿ, ಸಂಗೀತ ಕೇಳಿದ್ದಷ್ಟೇ ಬಂತು. ನಾಲ್ಕನೆಯ ದಿನ ಶಾಲಾ ಬಸ್‌ಗಳ ಶೆಡ್ಡಿನ ಹಿಂದಿರುವ ಬೆನಿಫಿಟ್ಸ್ ಕಚೇರಿಗೆ ಹೋದೆ. ಅಲ್ಲಿದ್ದ ಹಿರಿಯ ಮಹಿಳೆ ಯೋಜನೆಯ ಮೂಲ ದಾಖಲೆಯನ್ನು ತೆರೆದು ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟರು. ಆರು ವಾರ ಫಿಸಿಯೋಥೆರಪಿ ಆಗಿರಬೇಕು ಎಂಬ ಷರತ್ತು ಅಲ್ಲಿತ್ತು. ನನಗೆ ಎಂಟು ವಾರ ಆಗಿತ್ತು, ವೈದ್ಯರ ಪತ್ರದಲ್ಲಿ ದಿನಾಂಕಗಳು ಮಾತ್ರ ಇರಲಿಲ್ಲ. ದಿನಾಂಕಗಳ ಪಟ್ಟಿ ಲಗತ್ತಿಸಿ ಮೇಲ್ಮನವಿ ಕಳಿಸಿದ ಹತ್ತೊಂಬತ್ತನೆಯ ದಿನ ಅನುಮತಿ ಬಂತು. ನಿರಾಕರಣೆಯ ಪತ್ರ ಕೈಸೇರಿದ ಮೇಲೆ ಹೀಗೆ ಮೇಲ್ಮನವಿ ಸಲ್ಲಿಸಲು 180 ದಿನಗಳ ಅವಕಾಶವಿರುತ್ತದೆ. ಅಲ್ಲೂ ಸೋತರೆ, ವೈದ್ಯಕೀಯ ತೀರ್ಮಾನಕ್ಕೆ ಸಂಬಂಧಿಸಿದ ತಕರಾರನ್ನು ಹೊರಗಿನ ಸ್ವತಂತ್ರ ಪರಿಶೀಲನೆಗೆ ಒಯ್ಯಬಹುದು.

ಐಟಿ ಕಂಪನಿಗಳಲ್ಲಿರುವ ಸ್ನೇಹಿತರು ಆಗ "ಕಾರ್ಮಿಕ ಇಲಾಖೆಗೆ ದೂರು ಕೊಡಿ" ಎಂದಿದ್ದರು. ಅವರ ವಿಮೆಗೆ ಸರಿಹೊಂದುವ ಆ ಸಲಹೆ ನಮಗೆ ಹೊಂದುವುದಿಲ್ಲ. ಖಾಸಗಿ ಕಂಪನಿಗಳ ಯೋಜನೆಗಳನ್ನು ಆಳುವ, ಕಾರ್ಮಿಕ ಇಲಾಖೆ ಜಾರಿ ಮಾಡುವ 1974ರ ಎರಿಸಾ ಕಾಯ್ದೆ ಸರ್ಕಾರಿ ಉದ್ಯೋಗದಾತರ ಯೋಜನೆಗಳನ್ನು ಹೊರಗಿಟ್ಟಿದೆ. ಮಾನಸಿಕ ಆರೋಗ್ಯದ ಚಿಕಿತ್ಸೆಗೆ ದೇಹದ ಚಿಕಿತ್ಸೆಯಷ್ಟೇ ಸೌಲಭ್ಯವಿರಬೇಕೆಂಬ ನಿಯಮದಿಂದ ಹೊರಗುಳಿಯುವ ಅವಕಾಶವೂ ಸ್ಥಳೀಯ ಸರ್ಕಾರಗಳ ಸ್ವಂತ ನಿಧಿಯ ಯೋಜನೆಗಳಿಗೆ ಬಹುಕಾಲ ಇತ್ತು. 2022ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಅದಕ್ಕೆ ತೆರೆ ಎಳೆಯಿತು. ದಿನವಿಡೀ ಮೂವತ್ತು ಮಕ್ಕಳ ನಡುವೆ ನಿಲ್ಲುವವರ ವಿಮೆಯಲ್ಲಿ ಇಂಥದೊಂದು ಕಿಂಡಿ ಅಷ್ಟು ವರ್ಷ ತೆರೆದಿತ್ತು ಎಂಬುದು ನನಗೆ ಇಂದಿಗೂ ಒಗಟು.

ಚಿಕಿತ್ಸೆಯ ಗುಣಮಟ್ಟದ ಬಗ್ಗೆ ನನ್ನ ದೂರಿಲ್ಲ. ನೆಟ್‌ವರ್ಕಿನಲ್ಲಿ, ಅಂದರೆ ಯೋಜನೆಯೊಂದಿಗೆ ಒಪ್ಪಂದವಿರುವವರ ಪಟ್ಟಿಯಲ್ಲಿ, ವೈದ್ಯರು ಬೇಕಾದಷ್ಟಿದ್ದಾರೆ, ವಾರ್ಷಿಕ ತಪಾಸಣೆ ಮತ್ತು ಲಸಿಕೆಗಳಿಗೆ ಕೈಯಿಂದ ಕೊಡಬೇಕಾದದ್ದಿಲ್ಲ.

ಆದರೆ ಈ ವರ್ಷದ ದರ ಮುಂದಿನ ವರ್ಷಕ್ಕೆ ಉಳಿಯುತ್ತದೆಂಬ ಭರವಸೆ ಬೇಡ. 2018ರಲ್ಲಿ ವೆಸ್ಟ್ ವರ್ಜೀನಿಯಾದ 55 ಕೌಂಟಿಗಳ ಶಿಕ್ಷಕರು ಒಂಬತ್ತು ಶಾಲಾ ದಿನ ಮುಷ್ಕರ ಹೂಡಿದಾಗ ಸಂಬಳದಷ್ಟೇ ಗಟ್ಟಿಯಾಗಿ ಕೇಳಿಬಂದದ್ದು ಸಾರ್ವಜನಿಕ ನೌಕರರ ವಿಮೆಯ ಏರುವ ಖರ್ಚು. ಅವರಿಗೆ ಶೇ. 5ರ ಸಂಬಳ ಏರಿಕೆ ಸಿಕ್ಕಿತು. ಪ್ರೀಮಿಯಂ ಏರಿದರೆ ಅಂಥ ಏರಿಕೆ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ನನ್ನ ಚೀಟಿಗಳೇ ಹೇಳುತ್ತವೆ.

ಕುಟುಂಬದ ಪ್ರೀಮಿಯಂ ಮನೆಯ ಆದಾಯದ ನಿಗದಿತ ಪಾಲನ್ನು ಮೀರಿದರೆ, ನೌಕರರ ಮನೆಯವರು ಮಾರ್ಕೆಟ್‌ಪ್ಲೇಸ್‌ನಲ್ಲಿ (ಜನರು ನೇರವಾಗಿ ವಿಮೆ ಕೊಳ್ಳುವ ಸರ್ಕಾರಿ ವ್ಯವಸ್ಥೆ) ತೆರಿಗೆ ರಿಯಾಯಿತಿಯೊಂದಿಗೆ ವಿಮೆ ಕೊಳ್ಳಲು 2023ರಿಂದ ಅವಕಾಶವಿದೆ. ಇದನ್ನು ನಮ್ಮ ಬೆನಿಫಿಟ್ಸ್ ಕೈಪಿಡಿ ಎಲ್ಲೂ ಹೇಳುವುದಿಲ್ಲ. ಕಳೆದ ನೋಂದಣಿಯಲ್ಲಿ ಮಗನನ್ನು ನನ್ನ ಯೋಜನೆಯಲ್ಲೇ ಉಳಿಸಿಕೊಂಡು, ಪತಿಗೆ ಅಲ್ಲಿ ಬೇರೆ ವಿಮೆ ಕೊಂಡೆವು. ಈಗ ಮನೆಯಲ್ಲಿ ಎರಡು ಕಾರ್ಡು, ಎರಡು ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ಭರಿಸಬೇಕಾದ ಮೊತ್ತ); ಮೇ ತಿಂಗಳ ಚೀಟಿ ಮಾತ್ರ ನೋಡುವಂತಿದೆ.