ಉಮಾವಾಕಾ ಮಾರ್ಕೆಟ್ ಒಳಗಿನ ಊಟದಂಗಡಿ: ಕಾರ್ನಿವಲ್ ಟೈಮಲ್ಲಿ ಹೋಗೋ ಸಸ್ಯಾಹಾರಿಗಳಿಗೆ

ಅರ್ಜೆಂಟೀನಾದ ಉತ್ತರ ತುದಿಲಿರೋ ಉಮಾವಾಕಾಗೆ ಕಾರ್ನಿವಲ್ ವಾರ ಹೋಗಿದ್ವಿ, ನಾನು ನಮ್ಮನೆಯವರು ಇಬ್ರೇ, ಇಬ್ರೂ ಮಾಂಸ ತಿನ್ನಲ್ಲ, ಊಟಕ್ಕೇನಪ್ಪಾ ಗತಿ ಅಂತ ಹುಹುಯ್ ಸಿಟಿಲಿ ಬಸ್ ಹತ್ತಿದಾಗ್ಲಿಂದ ಚಿಂತೆ. 125 ಕಿಲೋಮೀಟರ್ ಬರೀ ಏರು ದಾರಿ, ಊರಿರೋದು ಹತ್ತತ್ರ 3,000 ಮೀಟರ್ ಎತ್ತರದಲ್ಲಿ. ಇಳಿದ್ರೆ ಮೊದಲೇ ಬುಕ್ ಮಾಡಿದ್ದ ರೂಮಿಗೆ ಹಬ್ಬದ ರೇಟು ಅಂತ ಡಬಲ್ ದುಡ್ಡು ಕೇಳಿದ್ರು, ತಲೆನೋವು ಬೇರೆ, ನಿಜಕ್ಕೂ ಅಳು ಬರೋ ಹಾಗಾಗಿತ್ತು.

ಆಮೇಲೆ ಸಿಕ್ಕಿದ್ದು ಈ ಅಂಗಡಿ. ತರಕಾರಿ ಸಾಲು ದಾಟಿದ್ರೆ ಮೂಲೇಲಿದೆ, ಬೋರ್ಡಿಲ್ಲ, ನಾಲ್ಕು ಬೆಂಚು ಎರಡು ದೊಡ್ಡ ಪಾತ್ರೆ ಅಷ್ಟೇ. ಅಡುಗೆ ಮಾಡೋದು ಬಡಿಸೋದು ಎಲ್ಲಾ ಒಬ್ರೇ ಅಜ್ಜಿ, ಎಲ್ರೂ ದೋನ್ಯಾ (ಸ್ಪ್ಯಾನಿಷಲ್ಲಿ ಅಮ್ಮಾವ್ರು ಅನ್ನೋ ಥರ) ಅಂತ ಕರೀತಾರೆ, ನಾವೂ ಹಾಗೇ ಕರೆದ್ವಿ. ಮುಖ ನೋಡಿದವ್ರೇ ಮೊದಲು ಬಿಸಿಬಿಸಿ ಕೋಕಾ ಎಲೆ ಟೀ ಇಟ್ರು. ಎತ್ತರಕ್ಕೆ ಹೋದಾಗ ಬರೋ ತಲೆನೋವಿಗೆ ಅಲ್ಲಿ ಅದು ಮನೆಮನೆ ಮದ್ದು, ಆದ್ರೆ ಎಲೆ ಬ್ಯಾಗಲ್ಲಿ ಹಾಕ್ಕೊಂಡು ಇಂಡಿಯಾಗೆ ಮಾತ್ರ ತರಬೇಡಿ, ನಮ್ಮಲ್ಲಿ ಅಪರಾಧ.

ತಿನ್ನಲೇಬೇಕಾದ್ದು ಉಮಿತಾ. ಹಸಿ ಮುಸುಕಿನ ಜೋಳ ತುರಿದು ಈರುಳ್ಳಿ ಚೀಸ್ ಸೇರಿಸಿ ಅದೇ ಜೋಳದ ಸಿಪ್ಪೆಲಿ ಮಡಚಿ, ಸಿಪ್ಪೆಯದ್ದೇ ಒಂದು ಎಳೆ ಸೀಳಿ ದಾರದ ಥರ ಕಟ್ಟಿ ಬೇಯಿಸ್ತಾರೆ. ಬಿಚ್ಚಿದಾಗ ಅರಿಶಿನ ಎಲೆ ಕಡುಬಿನ ಹಾಗೆ, ಸಿಪ್ಪೆ ಘಮ ಒಳಗಿನ ತನಕ ಇಳಿದಿರುತ್ತೆ. ನಾನು ದಿನಕ್ಕೆ ಮೂರು ತಿಂದಿದ್ದೀನಿ. ಒಂದು ಎಚ್ಚರಿಕೆ, ಬರೀ "ಸಿನ್ ಕಾರ್ನೆ" (ಮಾಂಸ ಇಲ್ದೆ) ಅಂದ್ರೆ ಸಾಲಲ್ಲ, ಮಾಂಸದ ತುಂಡು ತೆಗೆದು ಅದೇ ಸಾರು ಬಡಿಸ್ತಾರೆ, ಕೊಬ್ಬು ಹಾಕೋದೂ ಉಂಟು, ಅದಕ್ಕೆ "ಸಿನ್ ಗ್ರಾಸಾ, ಸಿನ್ ಕಾಲ್ದೋ" (ಕೊಬ್ಬು ಇಲ್ದೆ, ಮಾಂಸದ ಸಾರು ಇಲ್ದೆ) ಅಂತ ಸೇರಿಸಿ ಹೇಳಿ. ನಾವು ಮೊದಲ ದಿನ ಕಡಲೆಕಾಯಿ ಸೂಪ್ ಬೇಡ ಅಂದಿದ್ದು ನೆನಪಿಟ್ಕೊಂಡು ಮಾರನೇ ದಿನ ನಮಗೇಂತ ಸಣ್ಣ ಪಾತ್ರೇಲಿ ಬರೀ ನೀರಲ್ಲಿ ಬೇರೆ ಮಾಡಿಟ್ಟಿದ್ರು, ಆಲೂಗಡ್ಡೆ ಹಾಕಿ, ಗಟ್ಟಿಯಾಗಿ. ಕಡಲೆಕಾಯಿ ಆಲೂಗಡ್ಡೆ ಎರಡರ ತವರೂ ಈ ಖಂಡವೇ ಅಲ್ವಾ, ಆ ರುಚಿ ಬೇರೇನೇ.

ಶನಿವಾರ ಅಂತೂ ಊರಿಗೆ ಊರೇ ಬೆಳ್ಳಗೆ. ಗುಂಪುಗುಂಪಾಗಿ ಹೋಗಿ ಕಲ್ಲುರಾಶಿ ಹತ್ರ ಹೂತಿಟ್ಟ ಸೈತಾನನ ಬೊಂಬೆ ಅಗೆದು ತೆಗೀತಾರೆ, ಅಲ್ಲಿಂದ ಹಬ್ಬ ಶುರು, ಮುಂದಿನ ವಾರದ ಭಾನುವಾರ ಮತ್ತೆ ಹೂಳ್ತಾರೆ. ಕನ್ನಡಿ ಗೆಜ್ಜೆ ಹೊಲಿದ ಸೈತಾನ ವೇಷದವ್ರು ಕೀಚಲು ದನಿ ಮಾಡ್ಕೊಂಡು ಬಂದು ಕೆನ್ನೆಗೆ ಪೌಡರ್ ಮೆತ್ತುತ್ತಾರೆ, ಕಿವಿಗೆ ಕಾಮಕಸ್ತೂರಿ ಕಡ್ಡಿ ಸಿಕ್ಕಿಸ್ತಾರೆ. ನಾವು ಹಾಗೇ ಹೋದ್ರೆ ಅಜ್ಜಿ ಒದ್ದೆ ಬಟ್ಟೆಲಿ ಬೆಂಚು ಒರೆಸಿ ಜಾಗ ಕೊಟ್ರು, ಚಿಚಾ ಅನ್ನೋ ಹುದುಗಿಸಿದ ಜೋಳದ ಪಾನೀಯ ಲೋಟಕ್ಕೆ ಬಗ್ಗಿಸಿದ್ರು, ಒಳಗೆ ಸಿಮೆಂಟ್ ನೆಲ ಅಂತ ಬಾಗಿಲಾಚೆ ಹೋಗಿ ಮಣ್ಣಿಗೆ ಎರಡು ಗುಟುಕು ಚೆಲ್ಲಿ, ಪಚಮಾಮಾ (ಅಲ್ಲಿಯವರ ಭೂಮಿತಾಯಿ) ಅಂದು, ಆಮೇಲೇ ನಮ್ಮ ಕೈಗೆ ಕೊಟ್ಟಿದ್ದು.

ಚೌಕದ ಸುತ್ತ ಇರೋ ಹೋಟೆಲ್‌ಗಳಿಗಿಂತ ರೇಟು ಎಷ್ಟೋ ಕಮ್ಮಿ, ಹಬ್ಬ ಅಂತ ಏರಿಸಿರ್ಲಿಲ್ಲ. ಕಾರ್ಡ್ ನಡೆಯಲ್ಲ, ಚಿಲ್ಲರೆ ಇಟ್ಕೊಳ್ಳಿ. ಮಧ್ಯಾಹ್ನ 12ಕ್ಕೆ ಕಬಿಲ್ದೋ (ಊರಿನ ಪುರಭವನ) ಗಡಿಯಾರದಿಂದ ಸಂತ ಫ್ರಾನ್ಸಿಸ್ಕೋ ಸೊಲಾನೋ ಗೊಂಬೆ ಹೊರಗೆ ಬಂದು ಆಶೀರ್ವಾದ ಮಾಡುತ್ತಲ್ಲ, ಅದು ನೋಡ್ಕೊಂಡು ಸೀದಾ ಮಾರ್ಕೆಟ್‌ಗೆ ನಡೀರಿ, 1 ಗಂಟೆ ಮೇಲೆ ಹೋದ್ರೆ ಉಮಿತಾ ಖಾಲಿ.