ಬಂದರಿನ ಅಂಗಡಿಯಲ್ಲಿ ಕೇಳಿದ ಆಂದಲೂಸಿ ನೂಬಾ

ಮಂಗಳೂರಿನ ಬಂದರು ಪ್ರದೇಶದಲ್ಲಿ ಹಳೆಯ ಧ್ವನಿಮುದ್ರಿಕೆಗಳನ್ನು ಮಾರುವ ಪುಟ್ಟ ಅಂಗಡಿಯೊಂದರಿಂದ ಕಳೆದ ತಿಂಗಳು ಮೊರಾಕ್ಕೊದ ಆಂದಲೂಸಿ ಸಂಗೀತದ, ಎಂದರೆ ಮುಸ್ಲಿಂ ಅರಸರ ಕಾಲದ ಸ್ಪೇನಿನಿಂದ ಬಂದ ಸಂಗೀತದ, ಸಿ.ಡಿ. ಕಟ್ಟೊಂದನ್ನು ಕೊಂಡೆ. ಕೊಳ್ಳುವ ಮೊದಲು ಒಳಕೋಣೆಯಲ್ಲಿ ಕುಳಿತು ಸಾವಕಾಶವಾಗಿ ಕೇಳಲು ಅಲ್ಲಿ ಅವಕಾಶವಿದೆ. ಈ ಸಂಗೀತದ ಮಟ್ಟಿಗೆ ಅದು ದೊಡ್ಡ ಉಪಕಾರ, ಏಕೆಂದರೆ ಎರಡು ನಿಮಿಷದ ತುಣುಕಿನಲ್ಲಿ ನೂಬಾದ ಗುಣ ತಿಳಿಯುವುದಿಲ್ಲ.

ನೂಬಾ ಎಂದರೆ ಸರದಿ. ಆಸ್ಥಾನದಲ್ಲಿ ಗಾಯಕರು ಒಬ್ಬರಾದ ಮೇಲೊಬ್ಬರು ಹಾಡುತ್ತಿದ್ದುದನ್ನು ಸೂಚಿಸುತ್ತಿದ್ದ ಈ ಮಾತು ಮುಂದೆ ಹಾಡುಗಳ ಸರಣಿಗೇ ಹೆಸರಾಯಿತು. ಬಾಗ್ದಾದಿನಲ್ಲಿ ಪಳಗಿದ ಗಾಯಕ ಜಿರ್ಯಾಬ್ 822ರಲ್ಲಿ ಸ್ಪೇನಿನ ಕೊರ್ದೊಬಾಕ್ಕೆ ಬಂದು ಅಲ್ಲಿನ ಅರಸ ಎರಡನೆಯ ಅಬ್ದುರ್ರಹ್ಮಾನನ ಆಸ್ಥಾನವನ್ನು ಸೇರಿದ. ಊದ್ ವಾದ್ಯಕ್ಕೆ ಐದನೆಯ ತಂತಿಯನ್ನು ಕೂಡಿಸಿದವನೂ ಅವನೇ ಎಂಬುದು ಪ್ರತೀತಿ. ಆದರೆ ಇಡೀ ಪರಂಪರೆಯನ್ನು ಅವನೊಬ್ಬನ ಹೆಸರಿಗೆ ಬರೆಯುವುದು ನನಗೆ ಒಪ್ಪಿಗೆಯಾಗದು. ಈ ಹಾಡುಗಳ ಜೀವಾಳವಾದ ಮುವಶ್ಶಹ್ ಮತ್ತು ಝಜಲ್ ಎಂಬ ಪದ್ಯರೂಪಗಳು ಅವನ ಕಾಲದ ನಂತರ ಸ್ಪೇನಿನ ನೆಲದಲ್ಲೇ ಬೆಳೆದವು. 1492ರಲ್ಲಿ ಅಲ್ಲಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರಾನಾಡಾ ಬಿದ್ದ ಮೇಲೆ ಮತ್ತು 1609ರ ನಂತರ ಮುಸ್ಲಿಂ ಮೂಲದವರ ಉಚ್ಚಾಟನೆಯಲ್ಲಿ ನೆಲೆ ಕಳೆದುಕೊಂಡ ಜನ ಅವನ್ನು ಉತ್ತರ ಆಫ್ರಿಕಾದ ಫೆಸ್, ತೆತೂವಾನ್, ಟ್ಯೂನಿಸ್‌ಗಳಲ್ಲಿ ಬಾಯಿಂದ ಬಾಯಿಗೆ ಉಳಿಸಿಕೊಂಡರು. ಮೊರಾಕ್ಕೊದಲ್ಲಿ ಈಗ ಬಳಕೆಯಲ್ಲಿರುವ ನೂಬಾಗಳು 11.

ಪ್ರತಿ ನೂಬಾಕ್ಕೆ ಮೀಝಾನ್ ಎಂಬ ಐದು ಭಾಗಗಳು, ಒಂದೊಂದಕ್ಕೂ ಅದರದೇ ತಾಳ. ಪ್ರತಿ ಮೀಝಾನ್ ನಿಧಾನವಾಗಿ ಎತ್ತಿಕೊಂಡು, ಕೇಳುಗರಿಗೆ ಅರಿವಾಗದಷ್ಟು ನಯವಾಗಿ ಕಾಲ ಏರಿಸಿಕೊಳ್ಳುತ್ತ ಕೊನೆಗೆ ದ್ರುತದಲ್ಲಿ ಮುಗಿಯುತ್ತದೆ. ಇರುಳಿಡೀ ಯಕ್ಷಗಾನ ಕೇಳಿ ಬೆಳೆದ ಕಿವಿಗೆ ಈ ಏರಿಕೆಯ ಸುಖವನ್ನು ವಿವರಿಸಬೇಕಾಗಿಲ್ಲ. ಹಾಡುಗಾರರೆಲ್ಲ ಒಂದೇ ಸ್ವರಪಂಕ್ತಿಯಲ್ಲಿ ಹಾಡುತ್ತಾರೆ. ಪಿಟೀಲನ್ನು ಮೊಣಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿ ನುಡಿಸುತ್ತಾರೆ. ಯುರೋಪಿನಿಂದ ಬಂದ ವಾದ್ಯವನ್ನು ನಮ್ಮವರು ಪಾದಕ್ಕೆ ಆನಿಸಿಕೊಂಡಂತೆ ಅವರೂ ತಮ್ಮ ಕೂರುವ ರೀತಿಗೆ ಒಗ್ಗಿಸಿಕೊಂಡಿದ್ದಾರೆ.

ಅಂಗಡಿಯಲ್ಲಿ ಕೊರತೆಗಳೂ ಇವೆ. ಕಟ್ಟಿನಲ್ಲಿರಬೇಕಾದ ಕಿರುಪುಸ್ತಕ ಇರಲಿಲ್ಲ, ಆದ್ದರಿಂದ ಹಾಡುಗಳ ಅರ್ಥಕ್ಕೆ ಬೇರೆಡೆ ಹುಡುಕಬೇಕಾಯಿತು. ಕಪಾಟಿನ ಮೇಲೆ ‘ಸೂಫಿ ಸಂಗೀತ’ ಎಂದು ಬರೆದಿರುವುದು ಸರಿಯಲ್ಲ. ಇದರಲ್ಲಿ ಭಕ್ತಿಯ ಹಾಡುಗಳಷ್ಟೇ ಅಲ್ಲ, ಪ್ರೇಮ, ತೋಟ, ಸಂಜೆಗಳ ವರ್ಣನೆಯೂ ಧಾರಾಳವಾಗಿದೆ. ಹೇಳಿದಾಗ ಮಾಲೀಕರು ಚೀಟಿಯನ್ನು ಬದಲಿಸಿದರು.

ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಶಿಯಾದ ಮಹ್ದಿಯಾದಿಂದ ಬಂದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇದೇ ಮಂಗಳೂರಿನಲ್ಲಿ ಹಲವು ವರ್ಷ ವ್ಯಾಪಾರ ಮಾಡಿಕೊಂಡಿದ್ದ. ಅವನ ಕಿವಿಯಲ್ಲಿ ಯಾವ ಹಾಡುಗಳಿದ್ದವೋ ಎಂದು ಈ ನೂಬಾಗಳನ್ನು ಕೇಳುವಾಗಲೆಲ್ಲ ಯೋಚಿಸಿದ್ದೇನೆ.

ಹೋಗುವವರು ಸಂಜೆ ಆರರ ಹೊತ್ತಿಗೆ ಹೋಗಿ, ಅಲ್-ಮಾಯಾ ನೂಬಾವನ್ನು ಹಾಕಿಸಿಕೊಳ್ಳಿ. ಅದು ಸೂರ್ಯ ಮುಳುಗುವ ವೇಳೆಗೆಂದೇ ಮೀಸಲಾದದ್ದು.